ನೆಲೆ ತಪ್ಪಿದವರ ತಲೆಯೆಣಿಕೆ

ವಲಸಿಗರ ಮತ್ತು ನಿರಾಶ್ರಿತರ ವಿಶ್ವದಿನವು ಸಮೀಪಿಸಿದಾಗಲೆಲ್ಲ ನಮ್ಮ ಇಗರ್ಜಿಗಳ ಸೂಚನಾ ಫಲಕಗಳಲ್ಲಿ, ಧರ್ಮಪ್ರಾಂತ್ಯದ ಸುತ್ತೋಲೆಗಳಲ್ಲಿ, ಭಾನುವಾರದ ಪ್ರಬೋಧನೆಗಳಲ್ಲಿ ಒಂದು ದೊಡ್ಡ ಸಂಖ್ಯೆ ಕಾಣಿಸಿಕೊಳ್ಳುತ್ತದೆ. 2024ರ ಅಂತ್ಯಕ್ಕೆ ಲೋಕದಲ್ಲಿ ಬಲವಂತವಾಗಿ ನೆಲೆ ತಪ್ಪಿದವರು 12 ಕೋಟಿ 32 ಲಕ್ಷ ಮಂದಿ ಎಂದು ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ ಹೇಳಿತು. ಅವರಲ್ಲಿ 7 ಕೋಟಿ 35 ಲಕ್ಷ ಮಂದಿ ದೇಶದ ಗಡಿಯನ್ನು ದಾಟದೆ, ಸ್ವದೇಶದಲ್ಲಿಯೇ ಪರದೇಶಿಗಳಾದವರು. ನಾವು ಈ ಸಂಖ್ಯೆಯನ್ನು ಕೇಳಿ ನಿಟ್ಟುಸಿರು ಬಿಟ್ಟು, ಕೈಲಾದ ಕಾಣಿಕೆಯನ್ನು ಹಾಕಿ ಮನೆಗೆ ತೆರಳುತ್ತೇವೆ. ಇದನ್ನು ಎಣಿಸಿದವರು ಯಾರು, ಎಣಿಸಿದ್ದು ಹೇಗೆ ಎಂದು ಕೇಳುವವರು ವಿರಳ. ಕೇಳಿದವರನ್ನು, ಕೊಡಲು ಮನಸ್ಸಿಲ್ಲದೆ ಕುಂಟುನೆಪ ಹುಡುಕುವವರೆಂದು ಶಂಕಿಸುವವರೂ ಉಂಟು. ಈ ಪ್ರಶ್ನೆಯನ್ನು ಕೇಳುವುದು ದಾನಧರ್ಮಕ್ಕೆ ವಿರುದ್ಧವಲ್ಲ. ಅದು ನ್ಯಾಯಕ್ಕೆ ಸಂಬಂಧಿಸಿದ ಕರ್ತವ್ಯ ಎಂಬುದು ನನ್ನ ಅಭಿಪ್ರಾಯ.

ಜನಗಣತಿ ಎಂಬುದು ನೆಲೆಯಿದ್ದವರ ಶಾಸ್ತ್ರ. ಮನೆಗೆ ಒಂದು ಬಾಗಿಲು, ಬಾಗಿಲಿಗೆ ಒಂದು ನಂಬರು, ಸಂಜೆಗೆ ಆ ಬಾಗಿಲೊಳಗೆ ಸೇರುವ ಒಂದು ಸಂಸಾರ: ಇಷ್ಟನ್ನು ಗೃಹೀತವೆಂದು ಇಟ್ಟುಕೊಂಡೇ ಗಣತಿದಾರನು ಚೀಲವನ್ನು ಹೆಗಲಿಗೇರಿಸಿ ಹೊರಡುತ್ತಾನೆ. ಸಮೀಕ್ಷೆಯ ವಿಧಾನವೂ ಅಂಥದೇ. ಎಲ್ಲರನ್ನೂ ಕೇಳಲಾಗದಿದ್ದಾಗ ಕೆಲವರನ್ನು ಆರಿಸಿ ಕೇಳಬೇಕು; ಆರಿಸಲು ಎಲ್ಲರ ಪಟ್ಟಿಯೊಂದು ಮೊದಲೇ ಇರಬೇಕು. ಓಡಿಬಂದವರಿಗೆ ಇಂಥ ಪಟ್ಟಿ ಎಲ್ಲಿಯದು? ಅವರ ಹೆಸರಿರುವ ಪಟ್ಟಿ ಅವರು ಬಿಟ್ಟುಬಂದ ಊರಿನಲ್ಲಿದೆ, ಅಥವಾ ಊರಿನೊಂದಿಗೆ ಸುಟ್ಟುಹೋಗಿದೆ.

ಈ ಕಷ್ಟವು ಎಷ್ಟು ಆಳವಾದುದೆಂಬುದಕ್ಕೆ ಗೋಮಾ ಪಟ್ಟಣದ ಉದಾಹರಣೆಯನ್ನು ನೋಡಬಹುದು. 1994ರ ಜುಲೈ ತಿಂಗಳಿನಲ್ಲಿ ರುವಾಂಡಾದಿಂದ ಲಕ್ಷಾಂತರ ಹುಟು ಜನರು ಕೆಲವೇ ದಿನಗಳಲ್ಲಿ ಗಡಿಯನ್ನು ದಾಟಿ, ಆಗ ಜಾಯಿರ್ ಎನಿಸಿದ್ದ ದೇಶದ ಗೋಮಾ ಪರಿಸರಕ್ಕೆ ಬಂದು ಬಿದ್ದರು. ಅವರ ಹಿಂದೆಯೇ ಕಾಲರಾ ಬಂದಿತು, ಅದರ ಬೆನ್ನಿಗೆ ರಕ್ತಭೇದಿ. ಅಲ್ಲಿನ ನೆಲ ಜ್ವಾಲಾಮುಖಿಯ ಲಾವಾ ಹೆಪ್ಪುಗಟ್ಟಿದ ಕಲ್ಲು. ಹಾರೆ ಹಾಕಿದರೆ ಕಿಡಿ ಹಾರುವುದೇ ಹೊರತು ಗುಂಡಿ ಬೀಳದು. ಸತ್ತವರನ್ನು ಹೂಳಲಾಗದೆ ಜನರು ಚಾಪೆಯಲ್ಲಿ ಸುತ್ತಿ ರಸ್ತೆಯ ಬದಿಯಲ್ಲಿ ಮಲಗಿಸಿದರು. ಲಾರಿಗಳು ಬಂದು ಹೇರಿಕೊಂಡು ಹೋದವು. ಹೀಗಾಗಿ ಒಂದು ವಿಚಿತ್ರ ನಡೆಯಿತು. ಸಾಮಾನ್ಯವಾಗಿ ಬದುಕಿದವರನ್ನು ಎಣಿಸುವುದು ಸುಲಭ, ಗುಟ್ಟಾಗಿ ಹೂಳಿದ ಸತ್ತವರನ್ನು ಎಣಿಸುವುದು ಕಷ್ಟ. ಗೋಮಾದಲ್ಲಿ ಸತ್ತವರ ಲೆಕ್ಕ ಸಿಕ್ಕಿತು: ಜುಲೈ 14ರಿಂದ ಆಗಸ್ಟ್ 14ರವರೆಗಿನ ಒಂದು ತಿಂಗಳಿನಲ್ಲಿ ಸುಮಾರು 48,000 ಶವಗಳು. ಬದುಕಿದ್ದವರ ಲೆಕ್ಕ ಮಾತ್ರ ಸಿಕ್ಕಲಿಲ್ಲ. ಅಲ್ಲಿ ದುಡಿದ ವೈದ್ಯರು ಒಟ್ಟು ಜನಸಂಖ್ಯೆಯನ್ನು 5 ಲಕ್ಷದಿಂದ 8 ಲಕ್ಷದವರೆಗೆ ಎಂದಷ್ಟೇ ಬರೆಯಬಲ್ಲವರಾದರು. ಆದ್ದರಿಂದ ಸಾವಿನ ಪ್ರಮಾಣವೂ ದಿನಕ್ಕೆ 10,000 ಜನರಲ್ಲಿ 20ರಿಂದ 35 ಎಂದು ತೂಗಾಡಿತು. ದಿನಕ್ಕೆ 10,000ಕ್ಕೆ ಒಂದು ಸಾವು ಮೀರಿದರೆ ತುರ್ತುಪರಿಸ್ಥಿತಿ ಎಂಬುದು ಪರಿಹಾರ ಕಾರ್ಯಕರ್ತರ ಸಾಮಾನ್ಯ ಅಳತೆ ಎಂಬುದನ್ನು ನೆನೆದರೆ ಆ ತಿಂಗಳು ಎಂಥದಾಗಿತ್ತೆಂದು ತಿಳಿಯಬಹುದು.

ಇಪ್ಪತ್ತೋ ಮೂವತ್ತೈದೋ, ಎರಡೂ ಭೀಕರವೇ, ಇಷ್ಟು ಚರ್ಚೆಯೇಕೆ ಎಂದು ಓದುಗರು ಕೇಳಬಹುದು. ಏಕೆಂದರೆ ನೀರಿನ ಟ್ಯಾಂಕರು ಎಷ್ಟು ಬೇಕು, ಜೋಳದ ಮೂಟೆ ಎಷ್ಟು ಬೇಕು ಎಂಬುದು ಸತ್ತವರ ಲೆಕ್ಕದಿಂದ ತಿಳಿಯುವುದಿಲ್ಲ. ಅದು ಬದುಕಿದವರ ಲೆಕ್ಕದ ಮೇಲೆ ನಿಂತಿದೆ. ಗೋಮಾದ ಶಿಬಿರಗಳಲ್ಲಿ ಆ ಲೆಕ್ಕವನ್ನು ಕೊಡುತ್ತಿದ್ದವರು ಶಿಬಿರದ ಮುಖಂಡರು. ಆ ಮುಖಂಡರಲ್ಲಿ ಹಲವರು, ಅದೇ ವರ್ಷದ ಏಪ್ರಿಲಿನಿಂದ ಜುಲೈವರೆಗೆ ಟುಟ್ಸಿಗಳ ನರಮೇಧವನ್ನು ನಡೆಸಿದ ಆಡಳಿತದ ಅಧಿಕಾರಿಗಳು. ಅವರು ಹೆಸರುಗಳನ್ನು ಹೆಚ್ಚಿಸಿ ಬರೆಸಿದರು, ಹೆಚ್ಚುವರಿ ಪಡಿತರವನ್ನು ತಮ್ಮ ಸೈನಿಕರಿಗೆ ತಿರುಗಿಸಿದರು, ತಮಗೆ ಬೇಡದವರಿಗೆ ಇಲ್ಲವೆನಿಸಿದರು. ಹಸಿದ ವಿಧವೆಯೊಬ್ಬಳು ಪಕ್ಕದ ಗುಡಾರದ ಮಗುವನ್ನು ತನ್ನದೆಂದು ತೋರಿಸಿ ಒಂದು ಪಡಿ ಹೆಚ್ಚು ಪಡೆದರೆ ಅದನ್ನು ಸುಳ್ಳು ಎನ್ನಲು ನನಗೆ ನಾಲಗೆ ಏಳದು. ನರಹಂತಕನು ಸಾವಿರ ಸುಳ್ಳು ಹೆಸರುಗಳನ್ನು ಬರೆಸುವುದು ಬೇರೆ. ಸಮೀಕ್ಷೆಯ ಹಾಳೆಯಲ್ಲಿ ಮಾತ್ರ ಎರಡೂ ಒಂದೇ ತಪ್ಪಾಗಿ ಕಾಣುತ್ತವೆ.

ಮರುವರ್ಷ ಇನ್ನೊಂದು ನಡೆಯಿತು. ಕಿಬೆಹೋ ಎಂಬ ಹೆಸರನ್ನು ನಮ್ಮಲ್ಲಿ ಜಪಸರ ಹಿಡಿಯುವ ಅನೇಕರು ಬಲ್ಲರು. 1981ರಿಂದ ಅಲ್ಲಿ ಶಾಲಾಬಾಲಕಿಯರಿಗೆ ಮಾತೆ ಮರಿಯಮ್ಮನವರ ದರ್ಶನವಾಯಿತೆಂಬುದನ್ನು 2001ರಲ್ಲಿ ಸ್ಥಳೀಯ ಧರ್ಮಾಧ್ಯಕ್ಷರು ಮಾನ್ಯಮಾಡಿದರು. ಅದೇ ಕಿಬೆಹೋದಲ್ಲಿ 1995ರಲ್ಲಿ ದೇಶದೊಳಗೇ ನೆಲೆ ತಪ್ಪಿದವರ ದೊಡ್ಡ ಶಿಬಿರವಿತ್ತು. ಏಪ್ರಿಲ್ 22ರಂದು, ಶಿಬಿರವನ್ನು ಮುಚ್ಚಿಸಲು ಬಂದ ರುವಾಂಡಾದ ಸೈನಿಕರು ಜನರ ಮೇಲೆ ಗುಂಡು ಹಾರಿಸಿದರು. ಸತ್ತವರು 338 ಎಂದು ಸರ್ಕಾರವು ಹೇಳಿತು. ವಿಶ್ವಸಂಸ್ಥೆಯ ಪರವಾಗಿ ಅಲ್ಲಿದ್ದ ಆಸ್ಟ್ರೇಲಿಯಾದ ಸೈನಿಕರು ಮತ್ತು ವೈದ್ಯರು ಹೆಣಗಳ ನಡುವೆ ನಡೆದು ಎಣಿಸುತ್ತ ಹೋದಾಗ ಲೆಕ್ಕ 4,000 ದಾಟಿತು. ಅಷ್ಟರಲ್ಲಿ ಅವರ ಎಣಿಕೆಯನ್ನು ತಡೆಯಲಾಯಿತು. ಎಣಿಕೆಯೆಂದರೆ ಕೇವಲ ಶುಷ್ಕ ಗಣಿತ, ಅದರಲ್ಲಿ ಆತ್ಮವಿಲ್ಲ ಎನ್ನುವ ಭಾವುಕ ಮಾತನ್ನು ನಾನು ಒಪ್ಪದಿರುವುದು ಇದಕ್ಕಾಗಿಯೇ. ಕೈಯಲ್ಲಿ ಎಣಿಕೆಯ ಯಂತ್ರ ಹಿಡಿದು ನಡೆದ ಆ ಸಿಪಾಯಿಗಳಿಲ್ಲದಿದ್ದರೆ 338 ಎಂಬುದೇ ಚರಿತ್ರೆಯಾಗಿ ಉಳಿಯುತ್ತಿತ್ತು.

ಆದರೆ ಎಣಿಸುವವನ ಮೇಲೆ ಪವಿತ್ರಗ್ರಂಥಕ್ಕೆ ಪೂರ್ಣ ಭರವಸೆಯಿಲ್ಲ ಎಂಬುದೂ ಗಮನಾರ್ಹ. ದಾವೀದ ಅರಸನು ಜನಗಣತಿಗೆ ಆಜ್ಞಾಪಿಸಿದಾಗ ಸೇನಾಪತಿ ಯೋವಾಬನು ಬೇಡವೆಂದನು, ಅರಸನು ಕೇಳಲಿಲ್ಲ. ಒಂಬತ್ತು ತಿಂಗಳು ಇಪ್ಪತ್ತು ದಿನ ದೇಶ ಸುತ್ತಿ ತಂದ ಲೆಕ್ಕವು ಸಮುವೇಲನ ಎರಡನೆಯ ಗ್ರಂಥದಲ್ಲಿ ಇಸ್ರಯೇಲಿನಲ್ಲಿ 8 ಲಕ್ಷ, ಯೆಹೂದದಲ್ಲಿ 5 ಲಕ್ಷ. ಅದೇ ಗಣತಿಯ ಲೆಕ್ಕ ಪೂರ್ವಕಾಲದ ಇತಿಹಾಸದ ಮೊದಲನೆಯ ಗ್ರಂಥದಲ್ಲಿ 11 ಲಕ್ಷ ಮತ್ತು 4 ಲಕ್ಷ 70 ಸಾವಿರ. ಅದರಲ್ಲಿಯೂ ಲೇವಿ ಮತ್ತು ಬೆನ್ಯಾಮೀನ ಕುಲಗಳನ್ನು ಯೋವಾಬನು ಎಣಿಸಲೇ ಇಲ್ಲ. ಅರಸನ ಮಾತು ಅವನಿಗೆ ಅಷ್ಟು ಹೇಸಿಗೆಯಾಗಿತ್ತು. ಕೆಲಸವನ್ನು ನಂಬದ ಗಣತಿದಾರನು ಏನು ಮಾಡುತ್ತಾನೆಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿಯನ್ನು ನಾನರಿಯೆ. ದಾವೀದನು ಎಣಿಸಿದ್ದು ಖಡ್ಗ ಹಿಡಿಯಬಲ್ಲ ಗಂಡಸರನ್ನು, ಅಂದರೆ ತನ್ನ ಬಲವನ್ನು, ಹಸಿದವರನ್ನಲ್ಲ. ಲೂಕನ ಶುಭಸಂದೇಶದ ಜನಗಣತಿಯಾದರೋ ಇನ್ನೊಂದು ಬಗೆ. ಅಲ್ಲಿ ಜನರು ಇದ್ದಲ್ಲಿಗೆ ಗಣತಿ ಬರಲಿಲ್ಲ, ಗಣತಿ ಇದ್ದಲ್ಲಿಗೆ ಜನರೇ ಹೋಗಬೇಕಾಯಿತು. ತುಂಬುಗರ್ಭಿಣಿಯನ್ನು ಕರೆದುಕೊಂಡು ಜೋಸೆಫರು ನಜರೇತಿನಿಂದ ಬೆತ್ಲೆಹೇಮಿಗೆ ಬಂದರು. ಕೆಲಕಾಲದ ಬಳಿಕ ಆ ಕುಟುಂಬವೇ ಈಜಿಪ್ಟಿಗೆ ಓಡಬೇಕಾಯಿತು. ಅಲ್ಲಿ ಅವರನ್ನು ಯಾವ ಪುಸ್ತಕದಲ್ಲಿ ಬರೆದುಕೊಂಡರೋ, ಬರೆದುಕೊಂಡರೋ ಇಲ್ಲವೋ.

ಸೆಮಿನರಿಯಲ್ಲಿ ನಾವು ಓದಿದ ಅರಿಸ್ಟಾಟಲನ ಒಂದು ವಿಚಾರ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸಂಖ್ಯೆಯೆಂದರೆ 'ಒಂದು' ಎಂಬುದರಿಂದ ಅಳೆಯಲ್ಪಟ್ಟ ಬಹುತ್ವ. ಆದ್ದರಿಂದ ಎಣಿಸುವ ಮೊದಲು 'ಒಂದು' ಯಾವುದೆಂದು ನಿಶ್ಚಯವಾಗಬೇಕು. ಕುದುರೆಗಳನ್ನು ಎಣಿಸಬೇಕಾದರೆ ಕುದುರೆ ಯಾವುದೆಂದು ಗೊತ್ತಿರಬೇಕು. ಸಮೀಕ್ಷೆಯ 'ಒಂದು' ಎಂದರೆ ಒಂದು ಮನೆವಾರ್ತೆ. ಒಂದೇ ಒಲೆಯಲ್ಲಿ ಬೆಂದ ಅನ್ನವನ್ನು ಉಣ್ಣುವವರು. ಊರಿನಲ್ಲಿ ಇದು ಸುಲಭ. ಆದರೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಮೂವರು ಸೋದರರ ಸಂಸಾರಗಳು ಸೇರಿರುವಾಗ, ಒಬ್ಬ ಮಗ ಗಡಿಯಾಚೆ ಕೂಲಿಗೆ ಹೋಗಿರುವಾಗ, ತಂದೆಯು ಹಳೆಯ ಮನೆಯನ್ನು ಕಾಯುತ್ತ ಹಿಂದೆಯೇ ಉಳಿದಿರುವಾಗ, ದಾರಿಯಲ್ಲಿ ಜೊತೆಯಾದ ಅನಾಥ ಹುಡುಗಿಯೊಬ್ಬಳು ಈಗ ಮಗಳೇ ಆಗಿರುವಾಗ, 'ಒಂದು' ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ? ಇನ್ನೂ ಒಂದು ತೊಡಕು ಇದೆ. ಮನೆವಾರ್ತೆಯನ್ನು ಕೇಳಿ ಸಾವಿನ ಲೆಕ್ಕ ಹಾಕುವಾಗ, ಎಲ್ಲರೂ ಸತ್ತುಹೋದ ಮನೆಯ ಪರವಾಗಿ ಉತ್ತರ ಕೊಡಲು ಯಾರೂ ಇರುವುದಿಲ್ಲ. ಅತ್ಯಂತ ದೊಡ್ಡ ನಷ್ಟವೇ ಲೆಕ್ಕದಿಂದ ಜಾರಿಹೋಗುತ್ತದೆ.

ಶಿಬಿರಗಳಲ್ಲಿ ಗುಡಾರಗಳು ಸಾಲಾಗಿ ಇರುವುದರಿಂದ ಪ್ರತಿ ಇಪ್ಪತ್ತನೆಯದನ್ನೋ ಮೂವತ್ತನೆಯದನ್ನೋ ಆರಿಸಿ ಕೇಳಬಹುದು. ಸಾಲಿಲ್ಲದ ಊರಾದರೆ ನಡುಮಧ್ಯದಲ್ಲಿ ನಿಂತು, ನೆಲದ ಮೇಲೆ ಪೆನ್ನನ್ನು ತಿರುಗಿಸಿ, ಅದು ತೋರಿದ ದಿಕ್ಕಿನಲ್ಲಿ ನಡೆಯುತ್ತ ಮನೆಗಳನ್ನು ಆರಿಸುವ ಪದ್ಧತಿಯೊಂದುಂಟು. ಮಕ್ಕಳಿಗೆ ಲಸಿಕೆ ಸಿಕ್ಕಿದೆಯೇ ಎಂದು ತಿಳಿಯಲು 30 ಕಡೆಗಳಲ್ಲಿ ತಲಾ 7 ಮಕ್ಕಳನ್ನು ನೋಡುವ ಸರಳ ಕ್ರಮ ಇದರ ಮೂಲ. ಹಾಸ್ಯಾಸ್ಪದವೆನಿಸಿದರೂ ಅದರಲ್ಲಿ ಯುಕ್ತಿಯಿದೆ: ಗ್ರಾಮದ ಮುಖಂಡನು ತೋರಿಸಿದ ಮನೆಗೇ ಹೋಗದಂತೆ ಪೆನ್ನು ಕಾಪಾಡುತ್ತದೆ. ಆದರೆ ನಗರದಲ್ಲಿ ಚದುರಿ ಅಡಗಿರುವವರನ್ನು ಯಾವ ಪೆನ್ನೂ ತೋರಿಸಲಾರದು.

ಇರಾಕಿನಿಂದ ಜೋರ್ಡಾನಿಗೆ ಹೋದವರ ಕಥೆ ಇದು. 2003ರ ಯುದ್ಧದ ನಂತರ, ಅದಕ್ಕಿಂತ ಹೆಚ್ಚಾಗಿ 2006ರ ಫೆಬ್ರವರಿಯಲ್ಲಿ ಸಮಾರಾದ ಮಸೀದಿಯನ್ನು ಸ್ಫೋಟಿಸಿದ ಬಳಿಕ, ಇರಾಕಿಗಳು ಗುಂಪುಗುಂಪಾಗಿ ದೇಶ ಬಿಟ್ಟರು. ಅವರಲ್ಲಿ ಖಾಲ್ದೀಯ ಕಥೋಲಿಕರೂ ಸಿರಿಯಾಕ್ ಕಥೋಲಿಕರೂ ಬಹಳ ಮಂದಿ. ಜೋರ್ಡಾನಿನಲ್ಲಿ ಏಳೂವರೆ ಲಕ್ಷ ಇರಾಕಿಗಳಿದ್ದಾರೆ ಎಂಬ ಮಾತು ಎಲ್ಲೆಡೆ ಹಬ್ಬಿತು. ಹತ್ತು ಲಕ್ಷ ಎಂದವರೂ ಇದ್ದರು. 2007ರಲ್ಲಿ ನಾರ್ವೆಯ ಫಾಫೋ ಎಂಬ ಸಂಶೋಧನಾ ಸಂಸ್ಥೆಯು ಜೋರ್ಡಾನಿನ ಅಂಕಿಸಂಖ್ಯೆ ಇಲಾಖೆಯೊಂದಿಗೆ ಸೇರಿ ಮನೆಮನೆಯ ಸಮೀಕ್ಷೆ ನಡೆಸಿತು. ಅದರಿಂದ ಹೊರಟ ಸಂಖ್ಯೆ ಸುಮಾರು 1 ಲಕ್ಷ 61 ಸಾವಿರ. ಸರ್ಕಾರಕ್ಕೆ ಇದು ಒಪ್ಪಿಗೆಯಾಗಲಿಲ್ಲ. ಇರಾಕಿಗಳು ಕೊಂಡ ಮೊಬೈಲ್ ಫೋನುಗಳ ಲೆಕ್ಕವನ್ನು ಮುಂದಿಟ್ಟು ಕೊನೆಗೆ 4 ಲಕ್ಷ 50 ಸಾವಿರದಿಂದ 5 ಲಕ್ಷ ಎಂದು ಪ್ರಕಟವಾಯಿತು. ಮೂರು ವಿಧಾನ, ಮೂರು ಸಂಖ್ಯೆ.

ಸಮೀಕ್ಷೆಯವರು ಅಸಮರ್ಥರೆಂದು ಹೇಳುವುದು ಸುಲಭ, ಆದರೆ ನ್ಯಾಯವಲ್ಲ. ಜೋರ್ಡಾನು ನಿರಾಶ್ರಿತರ ಕುರಿತ 1951ರ ಒಡಂಬಡಿಕೆಗೆ ಸಹಿ ಹಾಕಿದ ದೇಶವಲ್ಲ. (ನಮ್ಮ ಭಾರತವೂ ಅಲ್ಲ.) ಬಂದವರನ್ನು ಅಲ್ಲಿ 'ಅತಿಥಿಗಳು' ಎಂದರು. ಮಾತು ಸೊಗಸಾಗಿದೆ; ಆದರೆ ಅತಿಥಿಗೆ ಹಕ್ಕಿಲ್ಲ, ಉಪಚಾರ ಮಾತ್ರ. ವೀಸಾ ಅವಧಿ ಮೀರಿ ಉಳಿದ ಅತಿಥಿಗೆ ದಿನಕ್ಕೆ ಒಂದೂವರೆ ದಿನಾರಿನಂತೆ ದಂಡ ಏರುತ್ತಿತ್ತು. ಹೀಗಿರುವಾಗ, ಕಾಗದ ಪೆನ್ನು ಹಿಡಿದು ಸರ್ಕಾರದ ಇಲಾಖೆಯ ಹೆಸರು ಹೇಳಿ ಬಾಗಿಲು ತಟ್ಟಿದವನಿಗೆ, 'ಹೌದು, ನಾವು ಬಾಗ್ದಾದಿನವರು, ಏಳು ಮಂದಿ ಇದ್ದೇವೆ' ಎಂದು ಯಾವ ತಾಯಿ ಹೇಳುತ್ತಾಳೆ? ಇನ್ನೊಂದು ಕಡೆ, ಆತಿಥೇಯ ಸರ್ಕಾರಕ್ಕೆ ದೊಡ್ಡ ಸಂಖ್ಯೆ ಬೇಕು, ಏಕೆಂದರೆ ವಿದೇಶೀ ನೆರವು ತಲೆಲೆಕ್ಕದಲ್ಲಿ ಬರುತ್ತದೆ. ಯುದ್ಧ ಹೂಡಿದವರಿಗೆ ಸಣ್ಣ ಸಂಖ್ಯೆ ಬೇಕು. ನೆರವು ನೀಡುವ ಸಂಸ್ಥೆಗಳಿಗೆ, ನಮ್ಮ ಧರ್ಮಸಭೆಯ ಸಂಸ್ಥೆಗಳನ್ನೂ ಸೇರಿಸಿಯೇ ಹೇಳುತ್ತೇನೆ, ಕಣ್ಣೀರು ತರಿಸುವ ಸಂಖ್ಯೆ ಬೇಕು. ನಿಜವಾದ ಸಂಖ್ಯೆ ಬೇಕಾದವರು ಬಹಳ ಕಡಿಮೆ.

ಇರಾಕಿನ ಕ್ರೈಸ್ತರ ವಿಷಯದಲ್ಲಿ ನಾವೇ ಹಂಚುವ ಅಂಕಿಗಳನ್ನು ನೋಡೋಣ. 2003ಕ್ಕೆ ಮುನ್ನ 14 ಲಕ್ಷ ಎಂದು ಒಂದು ಕರಪತ್ರ, 8 ಲಕ್ಷ ಎಂದು ಇನ್ನೊಂದು. ಈಗ ಉಳಿದವರು ಒಂದೂವರೆ ಲಕ್ಷ ಎಂದು ಕೆಲವರು, ಎರಡೂವರೆ ಲಕ್ಷ ಎಂದು ಕೆಲವರು. 14 ಲಕ್ಷದ ಮೂಲವೆಂದು ಹೇಳುವುದು 1987ರ ಜನಗಣತಿಯನ್ನು. 1997ರ ಗಣತಿಯು ಉತ್ತರದ ಕುರ್ದ್ ಪ್ರಾಂತ್ಯಗಳನ್ನು ಒಳಗೊಳ್ಳಲಿಲ್ಲ. ಆಮೇಲೆ ಕಿರ್ಕೂಕ್ ಮೊದಲಾದ ವಿವಾದಿತ ಪ್ರದೇಶಗಳ ಭಯದಿಂದ ಗಣತಿಯನ್ನು ಮುಂದೂಡುತ್ತ ಮುಂದೂಡುತ್ತ ಬಂದು, ಇಡೀ ದೇಶದ ಗಣತಿ ನಡೆದದ್ದು 2024ರ ನವೆಂಬರ್ 20 ಮತ್ತು 21ರಂದು, ಜನರೆಲ್ಲ ಮನೆಯಲ್ಲೇ ಇರಬೇಕೆಂದು ಕರ್ಫ್ಯೂ ವಿಧಿಸಿ. ಜನಾಂಗ ಯಾವುದು, ಧರ್ಮದೊಳಗಿನ ಪಂಗಡ ಯಾವುದು ಎಂದು ಅದರಲ್ಲಿ ಕೇಳಲಿಲ್ಲ. ಕೇಳಿದ್ದರೆ ಗಣತಿಯೇ ನಡೆಯುತ್ತಿರಲಿಲ್ಲವೇನೋ. ಅಷ್ಟರಲ್ಲಿ 2014ರ ಆಗಸ್ಟ್ 6ರ ರಾತ್ರಿ ನಿನೆವೆ ಬಯಲಿನ ಕ್ರೈಸ್ತರು ಊರುಗಳನ್ನೇ ತೊರೆದು ಎರ್ಬಿಲಿನ ಅಂಕಾವಾಕ್ಕೆ ಓಡಿದ್ದರು. ಲಕ್ಷಕ್ಕೂ ಮೀರಿದ ಜನ ಎನ್ನುತ್ತಾರೆ. 1 ಲಕ್ಷ 20 ಸಾವಿರ ಎಂಬುದು ಸಾಮಾನ್ಯವಾಗಿ ಕೇಳಿಬರುವ ಸಂಖ್ಯೆ. ಇಗರ್ಜಿಗಳ ಅಂಗಳದಲ್ಲಿ, ಕಟ್ಟಿ ಮುಗಿಯದ ಕಟ್ಟಡಗಳಲ್ಲಿ ಮಲಗಿದವರ ಪಟ್ಟಿಯನ್ನು ಬರೆದುಕೊಂಡವರು ಬಹುಮಟ್ಟಿಗೆ ಅವರೊಂದಿಗೇ ಓಡಿಬಂದ ಅವರ ಗುರುಗಳು. ಅವರು ತಮ್ಮ ಕುರಿಗಳನ್ನು ಹೆಸರು ಹಿಡಿದು ಬಲ್ಲವರಾದುದರಿಂದ ಪಟ್ಟಿಗೆ ಪೆನ್ನು ತಿರುಗಿಸುವ ಅಗತ್ಯ ಬೀಳಲಿಲ್ಲ. ಆದರೆ ಆ ಪಟ್ಟಿಯ ದೋಷವೂ ಅದೇ: ಗುರುವಿನ ಪರಿಚಯಕ್ಕೆ ಸಿಗದವನು, ಬೇರೆ ಪಂಥದವನು, ಪಕ್ಕದ ಯಜೀದಿ ಕುಟುಂಬ ಅದರಲ್ಲಿ ಇರಲಾರದು.

ಆ ಪ್ರದೇಶದಲ್ಲಿಯೇ ನಡೆದ ಒಂದು ಎಣಿಕೆಯನ್ನು ನಾನು ಬಹಳವಾಗಿ ಮೆಚ್ಚುತ್ತೇನೆ. 2017ರಲ್ಲಿ ಊರುಗಳು ಮುಕ್ತವಾದ ಬಳಿಕ, 'ಸಂಕಟದಲ್ಲಿರುವ ಧರ್ಮಸಭೆಗೆ ನೆರವು' ನೀಡುವ ಕಥೋಲಿಕ ಸಂಸ್ಥೆಯು ಅಲ್ಲಿನ ಮೂರು ಧರ್ಮಸಭೆಗಳೊಂದಿಗೆ ಸೇರಿ ನಿನೆವೆ ಪುನರ್ನಿರ್ಮಾಣ ಸಮಿತಿಯನ್ನು ರಚಿಸಿತು. ಹಾನಿಗೊಂಡ ಸುಮಾರು 13,000 ಮನೆಗಳನ್ನು ಒಂದೊಂದಾಗಿ ನೋಡಿ, ಪೂರ್ತಿ ಕೆಡವಿದ್ದು, ಸುಟ್ಟದ್ದು, ಅಲ್ಪ ಹಾನಿಯಾದದ್ದು ಎಂದು ವಿಂಗಡಿಸಿದರು. ಜನರು ಚಲಿಸುತ್ತಾರೆ, ಮನೆ ಚಲಿಸುವುದಿಲ್ಲ. ಮನೆಗೆ ಭಯವಿಲ್ಲ, ಪಡಿತರದ ಆಸೆಯಿಲ್ಲ. ಏನನ್ನು ಎಣಿಸಬಹುದೋ ಅದನ್ನು ಎಣಿಸಿದರು. ಆ ಲೆಕ್ಕದಿಂದ ಸಿಮೆಂಟು ಎಷ್ಟು ಬೇಕು, ಬಾಗಿಲು ಎಷ್ಟು ಬೇಕು ಎಂದು ನೇರವಾಗಿ ತಿಳಿಯಿತು. 2021ರ ಮಾರ್ಚ್ 7ರಂದು ಜಗದ್ಗುರು ಫ್ರಾನ್ಸಿಸರು ಕರಕೋಶಿಗೆ ಹೋದಾಗ ಅವರನ್ನು ಸ್ವಾಗತಿಸಿದ ಜನರಲ್ಲಿ ಅನೇಕರು ಹೀಗೆ ದುರಸ್ತಿಯಾದ ಮನೆಗಳಿಗೆ ಮರಳಿದವರು.

ಬರೆಯಿಸಿಕೊಳ್ಳಲು ಹೆದರುವವರ ಭಯವನ್ನು ನಾವು ಅಜ್ಞಾನವೆಂದು ತಳ್ಳಿಹಾಕಬಾರದು. ರುವಾಂಡಾದಲ್ಲಿ ಬೆಲ್ಜಿಯಂನ ಆಡಳಿತವು 1930ರ ದಶಕದಲ್ಲಿ ಜನರನ್ನು ಎಣಿಸಿ, ಹುಟು, ಟುಟ್ಸಿ, ಟ್ವಾ ಎಂದು ಗುರುತಿನ ಚೀಟಿಯಲ್ಲಿ ಬರೆದುಕೊಟ್ಟಿತು. 1994ರಲ್ಲಿ ರಸ್ತೆತಡೆಗಳಲ್ಲಿ ಕತ್ತಿ ಹಿಡಿದು ನಿಂತವರು ಕೇಳಿದ್ದು ಆ ಚೀಟಿಯನ್ನೇ. 2018ರಲ್ಲಿ ಬಾಂಗ್ಲಾದೇಶದ ಶಿಬಿರಗಳಲ್ಲಿದ್ದ ರೋಹಿಂಗ್ಯಾಗಳು ಹೊಸ ಗುರುತಿನ ಚೀಟಿಯನ್ನು ವಿರೋಧಿಸಿ ಮುಷ್ಕರ ಹೂಡಿದರು. ತಮ್ಮ ವಿವರಗಳು ತಾವು ಓಡಿಬಂದ ಮ್ಯಾನ್ಮಾರಿನ ಕೈಗೇ ಸೇರಬಹುದೆಂಬುದು ಅವರ ಆತಂಕ. ಹಾಗೆಯೇ ಆಯಿತೆಂದು 2021ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು ಆಪಾದಿಸಿತು. ಒಪ್ಪಿಗೆ ಪಡೆದೇ ವಿವರ ಸಂಗ್ರಹಿಸಿದೆವೆಂದು ವಿಶ್ವಸಂಸ್ಥೆಯ ಕಚೇರಿ ಉತ್ತರಿಸಿತು.

ಈ 'ಒಪ್ಪಿಗೆ' ಎಂಬ ಮಾತಿನ ಮೇಲೆ ತುಸು ನಿಲ್ಲಬೇಕು. ಬಿರುಗಾಳಿಗೆ ಸಿಕ್ಕ ಹಡಗಿನ ಯಜಮಾನನು ಸರಕನ್ನು ಸಮುದ್ರಕ್ಕೆ ಎಸೆಯುತ್ತಾನೆ. ಅದು ಅವನ ಇಚ್ಛೆಯೇ, ಬಲಾತ್ಕಾರವೇ? ನೀತಿಶಾಸ್ತ್ರದ ಮೂರನೆಯ ಪುಸ್ತಕದಲ್ಲಿ ಅರಿಸ್ಟಾಟಲನು ಕೇಳುವ ಪ್ರಶ್ನೆಯಿದು. ಅಂಥ ಕ್ರಿಯೆಯು ಎರಡರ ಮಿಶ್ರಣವೆಂದು ಅವನ ಉತ್ತರ. ಅಕ್ಕಿಯ ಸಾಲಿನಲ್ಲಿ ನಿಂತ ನಿರಾಶ್ರಿತಳು ಬೆರಳಚ್ಚು ಒತ್ತುವುದೂ ಅಂಥದೇ ಮಿಶ್ರ ಕ್ರಿಯೆ. ಕೇಳಿದವರು ಎಷ್ಟೇ ಸಜ್ಜನರಾದರೂ, ಉತ್ತರ ಕೊಡದಿದ್ದರೆ ಅಕ್ಕಿ ತಪ್ಪೀತೆಂದು ಅವಳು ಭಾವಿಸಿದ ಕ್ಷಣದಲ್ಲಿ ಅದು ಪೂರ್ಣ ಒಪ್ಪಿಗೆಯಲ್ಲ. ಮೇಲಾಗಿ, ಒಂದೇ ಕುಟುಂಬವನ್ನು ಈ ತಿಂಗಳು ಒಬ್ಬರು, ಬರುವ ತಿಂಗಳು ಇನ್ನೊಬ್ಬರು ಬಂದು, ಗಂಡನನ್ನು ಹೇಗೆ ಕೊಂದರು, ಮಗಳಿಗೆ ಏನಾಯಿತು ಎಂದು ಕೇಳಿ ಬರೆದುಕೊಂಡು ಹೋಗುತ್ತಾರೆ. ಹೋದವರು ತಿರುಗಿ ಬರುವುದಿಲ್ಲ. ಗಾಯವನ್ನು ಪದೇಪದೇ ಬಿಚ್ಚಿ ನೋಡುವುದು ಚಿಕಿತ್ಸೆಯಲ್ಲ.

ಕಂಧಮಾಲಿನ ನೆನಪನ್ನು ತೆಗೆಯದೆ ಈ ವಿಷಯವನ್ನು ನಮ್ಮ ಓದುಗರ ಮುಂದೆ ಮುಗಿಸಲಾಗದು. 2008ರ ಆಗಸ್ಟಿನಲ್ಲಿ ಒಡಿಶಾದ ಆ ಜಿಲ್ಲೆಯಲ್ಲಿ ಕ್ರೈಸ್ತರ ಮೇಲೆ ಹಿಂಸಾಚಾರ ನಡೆದಾಗ ಸರ್ಕಾರದ ಪರಿಹಾರ ಶಿಬಿರಗಳಲ್ಲಿ ಸುಮಾರು 25,000 ಜನರಿದ್ದರು. ನೆಲೆ ತಪ್ಪಿದವರು 50,000ಕ್ಕೂ ಹೆಚ್ಚು ಎಂದು ಧರ್ಮಸಭೆಯವರು ಹೇಳಿದರು. ಈ ಎರಡು ಸಂಖ್ಯೆಗಳು ಒಂದನ್ನೊಂದು ಸುಳ್ಳು ಮಾಡಬೇಕಾಗಿಲ್ಲ. ಶಿಬಿರದ ಗೇಟಿನೊಳಗೆ ಬಂದವರನ್ನು ಒಂದು ಎಣಿಸಿತು. ಕಾಡಿನಲ್ಲಿ ಅಡಗಿದವರು, ಭುವನೇಶ್ವರದ ಕೊಳೆಗೇರಿಗಳನ್ನು ಸೇರಿದವರು, ಕೂಲಿಗಾಗಿ ಕೇರಳಕ್ಕೆ ರೈಲು ಹತ್ತಿದವರು ಅದರಲ್ಲಿ ಬರಲಿಲ್ಲ. ಶಿಬಿರವನ್ನು ಮುಚ್ಚಿದಾಗ ಸರ್ಕಾರದ ಪುಸ್ತಕದಲ್ಲಿ ಸ್ಥಳಾಂತರಿತರು ಇಲ್ಲವಾದರು. ಸತ್ತವರ ವಿಷಯದಲ್ಲಿಯೂ ಸರ್ಕಾರದ ಲೆಕ್ಕ ಸುಮಾರು 40, ಕ್ರೈಸ್ತ ಸಂಘಟನೆಗಳ ಲೆಕ್ಕ ಸುಮಾರು 100. ಗಾಯದಿಂದ, ಕಾಡಿನ ಜ್ವರದಿಂದ ತಿಂಗಳುಗಳ ಬಳಿಕ ಸತ್ತವರನ್ನು ಎಲ್ಲಿ ಸೇರಿಸಬೇಕು ಎಂಬುದೇ ಅಂತರದ ಒಂದು ಕಾರಣ. ಇದೇ ಸಂದರ್ಭದಲ್ಲಿ ಮೂರನೆಯ ಒಂದು ಸಂಖ್ಯೆಯೂ ಇದೆ. 2023ರ ಅಕ್ಟೋಬರಿನಲ್ಲಿ ಕಾಂತೇಶ್ವರ ದಿಗಾಲ್ ಮತ್ತು ಸಂಗಡಿಗರನ್ನು ರಕ್ತಸಾಕ್ಷಿಗಳೆಂದು ಪರಿಶೀಲಿಸುವ ಪ್ರಕ್ರಿಯೆಗೆ ವ್ಯಾಟಿಕನ್ ಅನುಮತಿ ನೀಡಿತು. ಅವರು 35 ಮಂದಿ. ಅಲ್ಲಿ ಅಂದಾಜು ನಡೆಯದು. ಪ್ರತಿಯೊಬ್ಬರಿಗೂ ಹೆಸರು ಬೇಕು, ಊರು ಬೇಕು, ಸಾವಿನ ಬಗೆ ಬೇಕು, ಸಾಕ್ಷಿ ಬೇಕು. ಮೂರೂ ಲೆಕ್ಕಗಳು ಬೇರೆಬೇರೆ ಪ್ರಶ್ನೆಗಳಿಗೆ ಉತ್ತರ.

ಪ್ರಶ್ನೆಯನ್ನು ಮರೆತು ಉತ್ತರವನ್ನು ಮಾತ್ರ ಹೊತ್ತುಕೊಂಡು ತಿರುಗುವುದು ನಮ್ಮ ಹಳೆಯ ಚಾಳಿ. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ ಘಟನೆಯು ಕರಾವಳಿಯ ನಮ್ಮ ಕುಟುಂಬಗಳ ಬಾಯಲ್ಲಿ ಇಂದಿಗೂ ಜೀವಂತ. ಒಯ್ದವರೆಷ್ಟು? 30,000 ಎಂಬಲ್ಲಿಂದ 80,000 ಎಂಬಲ್ಲಿಯವರೆಗೆ ಗ್ರಂಥಗಳು ಹೇಳುತ್ತವೆ. 1799ರ ಬಳಿಕ ಮರಳಿದವರ ಸಂಖ್ಯೆಯೂ ಅಂಥದೇ. ಬೆಟ್ಟಘಟ್ಟಗಳನ್ನು ಹತ್ತಿಸಿ ನಡೆಸಿಕೊಂಡು ಹೋದವರನ್ನು ಆಗ ಯಾರೂ ನಿಂತು ಎಣಿಸಲಿಲ್ಲ. ಉಳಿದಿರುವುದು ಬಹುಮಟ್ಟಿಗೆ ತರುವಾಯದ ಅಧಿಕಾರಿಗಳ, ಪ್ರವಾಸಿಗಳ, ಗುರುಗಳ ಅಂದಾಜು. ಆದರೂ ನಮ್ಮ ಸಭೆಗಳ ಭಾಷಣಗಳಲ್ಲಿ 80,000 ಎಂಬುದೇ ಗಟ್ಟಿಯಾಗಿ ಕೇಳಿಸುತ್ತದೆ. ಪೂರ್ವಜರ ಸಂಕಟವು 30,000ವಾದರೆ ಕಡಿಮೆಯಾಗುವುದಿಲ್ಲ. ಅವರ ಹೆಸರಿನಲ್ಲಿ ಉತ್ಪ್ರೇಕ್ಷೆ ಮಾಡಿದರೆ, ಅದನ್ನು ಸುಳ್ಳೆಂದು ತೋರಿಸಿದವನು ಸಂಕಟವನ್ನೇ ಸುಳ್ಳೆನ್ನಲು ದಾರಿಯಾಗುತ್ತದೆ. ಇಂದಿನ ನಿರಾಶ್ರಿತರ ವಿಷಯದಲ್ಲಿಯೂ ಇದೇ ಅಪಾಯ.

ಹಾಗಾದರೆ ಪೀಠದಿಂದ ನಾವು ಏನು ಹೇಳಬೇಕು? ಅಂತರವನ್ನೇ ಹೇಳಬೇಕು. ಇರಾಕಿನ ಯುದ್ಧದಿಂದ ಹೆಚ್ಚುವರಿಯಾಗಿ ಸತ್ತವರೆಷ್ಟು ಎಂದು 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಸಮೀಕ್ಷೆಯ ಉತ್ತರ 98,000. ಪತ್ರಿಕೆಗಳು ಅದನ್ನು ಒಂದು ಲಕ್ಷವೆಂದು ತಲೆಬರಹ ಮಾಡಿದವು. ಆದರೆ ಸಮೀಕ್ಷಕರು ಅದರ ಪಕ್ಕದಲ್ಲಿಯೇ, ನಿಜವಾದ ಸಂಖ್ಯೆ 8,000ದಿಂದ 1 ಲಕ್ಷ 94 ಸಾವಿರದ ನಡುವೆ ಎಲ್ಲಿಯಾದರೂ ಇರಬಹುದೆಂದು ಬರೆದಿದ್ದರು. ಅದು ಅವರ ಪ್ರಾಮಾಣಿಕತೆ. ಆ ಎರಡನೆಯ ವಾಕ್ಯವನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಓದುವುದು ಅವರಿಗೂ ಸತ್ತವರಿಗೂ ಮಾಡುವ ಅನ್ಯಾಯ. 'ಇಷ್ಟರಿಂದ ಇಷ್ಟರವರೆಗೆ, ಇಂಥವರು ಎಣಿಸಿದಂತೆ' ಎಂದು ಹೇಳಿದರೆ ಜನರ ಹೃದಯ ಕರಗದು ಎಂದು ಕೆಲವು ಸಹೋದರ ಗುರುಗಳು ವಾದಿಸುತ್ತಾರೆ. ನಮ್ಮ ಜನರನ್ನು ನಾನು ಅಷ್ಟು ಕಡಿಮೆಯಾಗಿ ಎಣಿಸಲಾರೆ. ಮನೆಯ ಖರ್ಚನ್ನು ಅಂದಾಜಿನಲ್ಲಿಯೇ ನಡೆಸುವ ತಾಯಂದಿರಿಗೆ ಅಂದಾಜು ಎಂದರೇನೆಂದು ವಿವರಿಸಬೇಕಾಗಿಲ್ಲ.

ಇನ್ನು ನಮ್ಮದೇ ಪುಸ್ತಕದ ಮಾತು. 1614ರ ರೋಮನ್ ವಿಧಿಗ್ರಂಥವು ಪ್ರತಿಯೊಬ್ಬ ವಿಚಾರಣಾ ಗುರುವೂ ಇಡಬೇಕಾದ ಐದು ಪುಸ್ತಕಗಳಲ್ಲಿ 'ಆತ್ಮಗಳ ಸ್ಥಿತಿ' ಎಂಬ ಒಂದನ್ನು ಸೇರಿಸಿತ್ತು: ಮನೆಮನೆಗೆ ಹೋಗಿ ಒಳಗಿರುವ ಪ್ರತಿಯೊಬ್ಬರನ್ನೂ, ಮನೆಗೆಲಸದವರನ್ನೂ ಅನ್ಯರಾಗಿ ತಂಗಿದವರನ್ನೂ ಬಿಡದೆ, ಹೆಸರು ಹಿಡಿದು ಬರೆಯುವುದು. ಇಂದು ನಮ್ಮ ಧರ್ಮಕೇಂದ್ರಗಳ ಕುಟುಂಬ ಪುಸ್ತಕವು ವಂತಿಗೆ ಕೊಡುವ ಕುಟುಂಬಗಳ ಪಟ್ಟಿಯಾಗಿ ಕುಗ್ಗಿದೆ. ಕಟ್ಟಡದ ಕೆಲಸಕ್ಕೆ, ತೋಟಗಳಿಗೆ, ಮೀನಿನ ಬಂದರಿಗೆ ಜಾರ್ಖಂಡದಿಂದ, ಒಡಿಶಾದಿಂದ ಬಂದವರು ನಮ್ಮ ಇಗರ್ಜಿಯ ಹಿಂಬದಿಯಲ್ಲಿ ನಿಂತು ಪೂಜೆ ಕೇಳಿ ಹೋಗುತ್ತಾರೆ. ಅವರಲ್ಲಿ ಯಾರು ಕೂಲಿಗಾಗಿ ಬಂದವರು, ಯಾರು ಮರಳಲು ಮನೆಯೇ ಇಲ್ಲದವರು ಎಂದು ನಮಗೆ ತಿಳಿಯದು.

ಈ ವರ್ಷ ನಮ್ಮ ಧರ್ಮಕೇಂದ್ರದಲ್ಲಿ ಗುರ್ಕಾರರು ಕುಟುಂಬ ಸಮೀಕ್ಷೆಗೆ ಹೊರಡುವಾಗ ವಾಳೆಯಲ್ಲಿ ಬಾಡಿಗೆಗೆ ಇರುವ ಹೊರಗಿನವರ ಬಿಡಾರಗಳಿಗೂ ಹೋಗಬೇಕೆಂದು ಪಾಲನಾ ಮಂಡಳಿಯಲ್ಲಿ ತೀರ್ಮಾನವಾಯಿತು. ಇಬ್ಬರೇ ಹೋಗಬೇಕು, ಅವರಲ್ಲಿ ಒಬ್ಬರು ಹಿಂದಿ ಬಲ್ಲವರಿರಬೇಕು. ಬಾಡಿಗೆ ಮಾಲೀಕರನ್ನಾಗಲೀ ಗುತ್ತಿಗೆದಾರರನ್ನಾಗಲೀ ಜೊತೆಗೆ ಕರೆದೊಯ್ಯಬಾರದು. ಆಧಾರ್ ಸಂಖ್ಯೆಯ ಕಾಲಂ ತೆಗೆದಿದ್ದೇವೆ. ಊರಿನ ಹೆಸರನ್ನು ಅವರಾಗಿ ಹೇಳಿದರೆ ಮಾತ್ರ ಬರೆಯಬೇಕು. ಮಕ್ಕಳಿಗೆ ಸ್ನಾನದೀಕ್ಷೆ ಆಗಿದೆಯೇ, ಶಾಲೆಗೆ ಹೋಗುತ್ತಿದ್ದಾರೆಯೇ, ಮನೆಯಲ್ಲಿ ಕಾಯಿಲೆಯವರಿದ್ದಾರೆಯೇ ಎಂಬ ಮೂರು ಪ್ರಶ್ನೆಗಳಷ್ಟೇ. ಹೋದ ಮನೆಗೆ ತಿಂಗಳೊಳಗೆ ಮತ್ತೊಮ್ಮೆ, ಕಾಗದವಿಲ್ಲದೆ, ಹೋಗಿ ಬರಬೇಕು. ಹಾಳೆಗಳು ನನ್ನ ಕೋಣೆಯ ಕಪಾಟಿನಲ್ಲಿ ಇರುತ್ತವೆ. ಎರಡು ವಾಳೆಗಳ ಕೆಲಸ ಮುಗಿದಿದೆ, ಉಳಿದವು ಆಗಮನ ಕಾಲಕ್ಕೆ ಮುನ್ನ ಮುಗಿಯಬೇಕು. ಹಿಂದಿ ಬಲ್ಲ ಇನ್ನೂ ನಾಲ್ವರು ಬೇಕಾಗಿದ್ದಾರೆ.